ರಾಗಿ ಡಬ್ಬದೊಳಗಿನ ಮೌನ

ಒಂದು ವಾರ ಬಾಯಿ ಮುಚ್ಚಿಕೊಂಡಿರುವುದು ಏನು ಮಹಾ ಎಂದು ನಾನು ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ನನ್ನ ಪ್ರೋಗ್ರೆಸ್ ಕಾರ್ಡಿನ ಕೆಳಗೆ ಪ್ರತಿವರ್ಷ ಒಂದೇ ಮಾತು ಬರೆದಿರುತ್ತಿದ್ದರು: ಒಳ್ಳೆಯ ಹುಡುಗಿ, ಮಾತು ಹೆಚ್ಚು. ಬರ್ನಡೆಟ್ ಸಿಸ್ಟರ್ ಅಂತೂ ನನ್ನನ್ನು ಕಂಡ ಕೂಡಲೇ ಏನೂ ಹೇಳದೆ ತಮ್ಮ ತುಟಿಯ ಮೇಲೆ ತೋರುಬೆರಳು ಇಡುತ್ತಿದ್ದರು. ನಾನೂ ಇಡಬೇಕು. ಹಾಗೆ ಬೆರಳಿಟ್ಟುಕೊಂಡು ನಾನು ಬೆಂಚಿನ ಮೇಲೆ ನಿಂತ ಹೊತ್ತನ್ನೆಲ್ಲ ಕೂಡಿಸಿದರೆ ಅದೇ ಒಂದು ಪದವಿಯಾಗುತ್ತಿತ್ತು. ಇಷ್ಟು ತರಬೇತಿ ಪಡೆದವಳಿಗೆ ಮೌನ ಕಷ್ಟವೇ ಎಂಬುದು ನನ್ನ ವಾದ.

ಈ ವಾದ ಹುಟ್ಟಲು ಕಾರಣ ಆಶಾ.

ಬಸವೇಶ್ವರನಗರದ ನಮ್ಮ ಮನೆಯ ಮಹಡಿ ಪೋರ್ಷನ್ನಿನಲ್ಲಿ ಹದಿನಾರು ವರ್ಷದಿಂದ ಫಿಲೋಮಿನಾ ಬಾಡಿಗೆಗಿದ್ದಾರೆ. ಬ್ಲೌಸ್ ಹೊಲಿಯುತ್ತಾರೆ. ಗಂಡ ತೀರಿಕೊಂಡ ಮೇಲೆ ಹತ್ತು ವರ್ಷದ ಮಗಳ ಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಹೊಲಿಗೆ ಮೆಷಿನ್ನಿನ ತಲೆ ಹಿಡಿದುಕೊಂಡು ಬಂದವರು. ಆ ಮಗಳೇ ಆಶಾ. ನಮ್ಮ ಮೆಟ್ಟಿಲ ಮೇಲೆ ಕೂತು ಮಗ್ಗಿ ಕಲಿತಳು. ನರ್ಸಿಂಗ್ ಓದಿ ಪಕ್ಕದ ರಸ್ತೆಯ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿ ನನ್ನ ಬಿ.ಪಿ. ನೋಡಿ ಬೈಯುವಷ್ಟು ದೊಡ್ಡವಳಾದಳು. ಆಮೇಲೆ ಒಂದು ದಿನ, ಅದೇ ಬಿ.ಪಿ. ಪಟ್ಟಿಯನ್ನು ನನ್ನ ತೋಳಿನಿಂದ ಬಿಚ್ಚುತ್ತಾ, "ಆಂಟಿ, ನಾನು ಸಿಸ್ಟರ್ ಆಗ್ತೀನಿ" ಅಂದಳು.

"ಆಗಿದೀಯಲ್ಲಮ್ಮಾ," ಅಂದೆ ನಾನು.

"ಆ ಸಿಸ್ಟರ್ ಅಲ್ಲ ಆಂಟಿ. ಮಿಷನರಿ ಸಿಸ್ಟರ್."

ಎರಡು ವರ್ಷ ಇಲ್ಲಿಯೇ ತಯಾರಿ ಆಯಿತು. ಹೋದ ನವೆಂಬರಿನಲ್ಲಿ ಮುಂದಿನ ತರಬೇತಿಗೆ ಇಟಲಿಗೆ ಕಳಿಸಿದರು. ಯಾವುದೋ ಬೆಟ್ಟದ ಮೇಲಿನ ಮಠ, ಬೇರೆ ಬೇರೆ ದೇಶದ ಹನ್ನೆರಡು ಹುಡುಗಿಯರು. ಮುಗಿದ ಮೇಲೆ ಪ್ರಪಂಚದ ಯಾವ ಮೂಲೆಗಾದರೂ ಹೋಗಬೇಕು.

"ಯಾವ ಊರು ಅಂತ ಮೊದ್ಲೇ ಕೇಳಲ್ವೇನೇ?" ಎಂದು ನಾನು ವಿಚಾರಿಸಿದ್ದೆ.

"ಕೇಳಲ್ಲ ಆಂಟಿ. ಕಳಿಸಿದ ಕಡೆ ಹೋಗೋದು."

ನಾನು ಬೆರಗಾಗಿ ಕೂತೆ. ಕೆಂಗೇರಿ ಉಪನಗರದ ಗೃಹಪ್ರವೇಶಕ್ಕೆ ಕರೆದರೆ ಅಡುಗೆಯವರು ಯಾರು ಎಂದು ತಿಳಿದುಕೊಂಡ ಮೇಲೆ ಹೊರಡುವವಳು ನಾನು.

ಅವಳು ಹೊರಡುವ ಮುಂಚಿನ ವಾರ ಫಿಲೋಮಿನಾ ಅವಳ ಬಟ್ಟೆಗಳಿಗೆಲ್ಲ ದಾರದಲ್ಲಿ ಒಂದು ನಂಬರ್ ಹಾಕುತ್ತಿದ್ದರು. ಎರಡು ಬೂದು ಬಣ್ಣದ ಉಡುಪು, ಒಂದು ಉಣ್ಣೆಯ ಶಾಲು, ಆರು ಕರವಸ್ತ್ರ. ಎಲ್ಲದರ ಮೂಲೆಯಲ್ಲೂ ಹದಿನಾಲ್ಕು. ಅಲ್ಲಿ ಬಟ್ಟೆ ಒಗೆಯುವುದು ಒಟ್ಟಿಗೆ, ಗುರುತು ಸಿಗಲಿ ಎಂದು ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಊರವರ ಬ್ಲೌಸಿಗೆಲ್ಲ ಹೆಸರಿನ ಚೀಟಿ ಅಂಟಿಸುವ ಕೈ, ಸ್ವಂತ ಮಗಳ ಬಟ್ಟೆಗೆ ನಂಬರ್ ಹೊಲಿಯುತ್ತಿತ್ತು. ಏರ್‌ಪೋರ್ಟಿನಲ್ಲಿ ಆಶಾ ಚಿಕ್ಕಂದಿನಿಂದ ಹಾಕಿದ್ದ ಓಲೆ ಬಿಚ್ಚಿ ಅಮ್ಮನ ಅಂಗೈಯಲ್ಲಿಟ್ಟಳು. ಫಿಲೋಮಿನಾ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಳಲಿಲ್ಲ. ಅವರ ಪಾಲಿನದನ್ನೂ ನಾನೇ ಅತ್ತೆ, ಎರಡು ಕರವಸ್ತ್ರದಷ್ಟು. ಅದರಲ್ಲಿ ಒಂದು ಹದಿನಾಲ್ಕನೆಯ ನಂಬರಿನದು ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಮಠ ಸೇರಿದ ದಿನವೇ ಆಶಾ ತನ್ನ ಫೋನನ್ನು ಒಪ್ಪಿಸಿಬಿಟ್ಟಳು. ಅಲ್ಲಿ ಭಾನುವಾರ ಮಧ್ಯಾಹ್ನ ಎರಡರಿಂದ ಮೂರು ಗಂಟೆಯವರೆಗೆ ಮೂವರು ಹುಡುಗಿಯರಿಗೆ ತಲಾ ಇಪ್ಪತ್ತು ನಿಮಿಷ ಮಠದ ಫೋನಿನಲ್ಲಿ ಮನೆಗೆ ಮಾತಾಡಲು ಬಿಡುತ್ತಾರೆ. ಆಶಾಳ ಸರದಿ ತಿಂಗಳ ಕೊನೆಯ ಭಾನುವಾರ, ಸರಿಯಾಗಿ ಎರಡಕ್ಕೆ. ನಮಗೆ ಆಗ ಸಂಜೆ ಆರೂವರೆ. ಫಿಲೋಮಿನಾ ಹತ್ತಿರ ಇರುವುದು ಬಟನ್ ಫೋನು. ಅದರಲ್ಲಿ ಮುಖ ಕಾಣಿಸದು. ಹೀಗಾಗಿ ಕರೆ ಬರುವುದು ನನ್ನ ಮೊಬೈಲಿಗೆ.

ಆ ದಿನ ಫಿಲೋಮಿನಾ ಆರೂಕಾಲಕ್ಕೆ ಇಳಿದು ಬರುತ್ತಾರೆ. ಇಸ್ತ್ರಿ ಮಾಡಿದ ವಾಯಿಲ್ ಸೀರೆ, ಆಗತಾನೆ ತೊಳೆದ ಮುಖ. ಕೈಯಲ್ಲಿ ಅಳತೆ ಬರೆಯುವ ಚೀಟಿ, ಅದರ ತುಂಬ ಮಗಳಿಗೆ ಹೇಳಬೇಕಾದ ವಿಷಯಗಳ ಪಟ್ಟಿ. ಇಪ್ಪತ್ತು ನಿಮಿಷದಲ್ಲಿ ಒಂದೂ ಬಿಟ್ಟುಹೋಗಬಾರದು ಎಂದು ಅವರ ಏರ್ಪಾಡು. ಆದರೆ ಅವರ ಪಕ್ಕದಲ್ಲಿ ನಾನು ಕೂತಿರುತ್ತೇನೆ. ಫೋನು ನನ್ನದಲ್ಲವೇ? ನೆಟ್‌ವರ್ಕ್ ನೋಡಿಕೊಳ್ಳಲು ಒಬ್ಬರು ಬೇಕಲ್ಲವೇ? ಹೀಗೆ ಮುಖ ತೂರಿಸಿ, ಇಪ್ಪತ್ತರಲ್ಲಿ ಐದಾರು ನಿಮಿಷ ನಾನೇ ತಿಂದುಬಿಡುತ್ತಿದ್ದೆ. ಫಿಲೋಮಿನಾ ಒಂದು ದಿನವೂ ಏನೂ ಅಂದವರಲ್ಲ. ಚೀಟಿಯನ್ನು ಬೆರಳಲ್ಲಿ ಸುರುಳಿ ಸುತ್ತುತ್ತಿದ್ದರು, ಅಷ್ಟೆ. ನಾನು ಅದನ್ನು ನೋಡಿದ್ದೆ. ಸಣ್ಣಪುಟ್ಟದ್ದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ. ಬಿದ್ದ ಮೇಲೂ ಬಾಯಿ ನಿಲ್ಲುವುದಿಲ್ಲ.

ಫೆಬ್ರವರಿಯ ಕರೆಯಲ್ಲಿ ಆಶಾ ಅಲ್ಲಿಯ ದಿನಚರಿ ಹೇಳಿದಳು. ಬೆಳಿಗ್ಗೆ ಐದಕ್ಕೆ ಏಳುವುದು. ತಿಂಡಿ ಮುಗಿಯುವವರೆಗೆ ಮೌನ. ಪಾಯಿಖಾನೆ ತೊಳೆಯುವುದು, ಕೋಳಿಗೂಡು ಗುಡಿಸುವುದು ಸರದಿಯ ಪ್ರಕಾರ. ಮಧ್ಯಾಹ್ನ ಒಬ್ಬಳು ಪುಸ್ತಕ ಓದುತ್ತಾಳೆ, ಉಳಿದವರು ಮಾತಾಡದೆ ಉಣ್ಣುತ್ತಾರೆ. ಸಂಜೆ ಐದರಿಂದ ಆರರವರೆಗೆ ಮತ್ತೆ ಮೌನ. ಸ್ವಂತದ್ದು ಎಂದು ಇರುವುದೆಲ್ಲ ಒಂದು ಡ್ರಾಯರಿನಲ್ಲಿ ಹಿಡಿಸಬೇಕು. ಅವಳು ಇದನ್ನು ನಗುನಗುತ್ತಾ ಹೇಳಿದಳು. ಕೇಳುತ್ತಾ ಕೇಳುತ್ತಾ ನನಗೆ ಮೈ ಜುಮ್ಮೆಂದಿತು. ನಾನು ಕಂಡ ಹಾಗೆ ಹಪ್ಪಳ ಕರಿದದ್ದು ಮೆತ್ತಗಾಯಿತೆಂದು ಊಟ ಬಿಟ್ಟು ಎದ್ದ ಹುಡುಗಿ ಇವಳು.

ಬೆರಗು ಹೆಚ್ಚಾದರೆ ನಾನು ಸುಮ್ಮನಿರುವವಳಲ್ಲ. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬೇರೆ ನಡೆದಿತ್ತು. ಫಿಲೋಮಿನಾ ಒಂದು ಹೊತ್ತು ಉಣ್ಣುತ್ತಿದ್ದರು. "ಆಶಾ, ನಾನೂ ಒಂದು ವಾರ ನಿನ್ನ ಥರಾನೇ ಇರ್ತೀನಿ" ಎಂದು ಘೋಷಿಸಿಬಿಟ್ಟೆ.

ಆಶಾ ನಕ್ಕಳು. "ಏಳೋದು, ಗುಡಿಸೋದು ನೀವು ಮಾಡ್ತೀರಾ ಆಂಟಿ. ಮೌನ ಮಾತ್ರ ಬೇಡ."

"ಯಾಕೆ, ನನ್ನ ಕೈಲಾಗಲ್ವಾ?"

"ಆಗುತ್ತೆ, ಆಗುತ್ತೆ. ಅಮ್ಮ, ಮುಂದಿನ ತಿಂಗಳು ಮಾತಾಡಿದ್ರೆ ಆಮೇಲೆ ಒಂದು ವರ್ಷ ಫೋನ್ ಇಲ್ಲ. ಈಸ್ಟರ್ ಆದ್ಮೇಲೆ ಬಿಗಿ ವರ್ಷ ಶುರು, ಕಾಗದ ಮಾತ್ರ. ಅದಕ್ಕೇ ಮುಂದಿನ ಸಲ ಟೈಮು…"

"ಮುಂದಿನ ಸಲ ನೀನು ಫೋನ್ ಮಾಡೋ ಭಾನುವಾರಕ್ಕೆ ಸರಿಯಾಗಿ ನನ್ನ ವಾರ ಮುಗಿಸಿರ್ತೀನಿ. ರಿಪೋರ್ಟ್ ಕೊಡ್ತೀನಿ, ನೋಡ್ತಿರು," ಎಂದು ನಾನು ಅವಳ ಮಾತು ತುಂಡರಿಸಿ, ನನ್ನ ಕಾನ್ವೆಂಟಿನ ಬೆಂಚಿನ ಚರಿತ್ರೆಯನ್ನು ಮೊದಲಿನಿಂದ ಹೇಳತೊಡಗಿದೆ. ಅಲ್ಲಿ ಗಂಟೆ ಬಾರಿಸಿತು. ಪರದೆ ಕಪ್ಪಾಯಿತು. ಫಿಲೋಮಿನಾ ಚೀಟಿಯಲ್ಲಿ ಇನ್ನೂ ಮೂರು ವಿಷಯ ಉಳಿದಿದ್ದವು.

"ಪರ್ವಾಗಿಲ್ಲ ಮಂಜುಳಮ್ಮ. ಇನ್ನೊಂದ್ಸಲ ಇದೆಯಲ್ಲ," ಅಂದರು.

ಅಂತೂ ಮಾರ್ಚಿನ ಕೊನೆಯ ವಾರ ಬಂತು. ಭಾನುವಾರಕ್ಕೆ ಆಶಾಳ ಕೊನೆಯ ಕರೆ. ಸೋಮವಾರಕ್ಕೆ ನನ್ನ ತರಬೇತಿ ಶುರು. ಫ್ರಿಜ್ಜಿನ ಮೇಲೆ ವೇಳಾಪಟ್ಟಿ ಅಂಟಿಸಿದೆ.

ಐದಕ್ಕೆ ಎದ್ದೆ. ಮೌನವಾಗಿ ಹಾಲು ಕಾಯಿಸಿದೆ, ಮೌನವಾಗಿ ಕಾಫಿ ಕೊಟ್ಟೆ. ನಮ್ಮ ಯಜಮಾನರು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೆಷಿನ್ನುಗಳ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವರು. ಸದ್ದೇ ಇಲ್ಲದ ಮೆಷಿನ್ನು ಅವರಿಗೆ ಹೊಸದು. ನಾನು ಮೊದಲೇ ಹೇಳಿಟ್ಟಿದ್ದೆ. ಆದರೆ ಮೂವತ್ತೊಂದು ವರ್ಷದಿಂದ ನಾನು ಹೇಳಿದ್ದನ್ನು ಅವರು ಕೇಳಿಸಿಕೊಂಡ ದಾಖಲೆ ಇಲ್ಲ.

"ಏನಾಯ್ತು ಮಂಜು?" ಅಂದರು.

ನಾನು ಫ್ರಿಜ್ಜಿನ ಕಡೆ ಕೈ ತೋರಿಸಿದೆ. ಅವರು ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ನೋಡಿದರು. ಮುಖ ಸಣ್ಣದಾಯಿತು.

"ಗೊತ್ತಾಗಿಹೋಯ್ತಾ? ಮೈಸೂರುಪಾಕು ನಾನೇ ತಿಂದಿದ್ದು. ನಾಲ್ಕೇ ನಾಲ್ಕು."

ಸಕ್ಕರೆ ಕಾಯಿಲೆಯ ಮನುಷ್ಯ! ನಾನು ಕಣ್ಣರಳಿಸಿದೆ. ಮಾತು ಆಡಲಿಲ್ಲ. ಅದು ಅವರನ್ನು ಇನ್ನೂ ಹೆದರಿಸಿತು. ಮಂಗಳವಾರ ಬೆಳಿಗ್ಗೆ, ನಾನು ಹುಡುಕುತ್ತಿದ್ದ ದೊಡ್ಡ ಸ್ಟೀಲ್ ಡಬರಿಯನ್ನು ವಿಜಯನಗರದ ತಮ್ಮ ತಂಗಿಗೆ ಕೊಟ್ಟಿದ್ದಾಗಿ ಒಪ್ಪಿಕೊಂಡರು. ಬುಧವಾರ ತುಳಸಿಕಟ್ಟೆಯ ಮೂಲೆ ಒಡೆದದ್ದು ಬೆಕ್ಕಲ್ಲ, ತಮ್ಮ ಸ್ಕೂಟರ್ ಎಂದು ಒಪ್ಪಿಕೊಂಡರು. ಬೈದು ಬೈದು ಮೂವತ್ತೊಂದು ವರ್ಷದಲ್ಲಿ ಹೊರಡಿಸಲಾರದ ಸತ್ಯವನ್ನು ಮೂರು ಬೆಳಗಿನ ಮೌನ ಹೊರಡಿಸಿತು. ಈ ಮಠದವರು ಸಾಮಾನ್ಯರಲ್ಲ ಎಂದು ನನಗೆ ಆಗ ಮನವರಿಕೆಯಾಯಿತು.

ಆದರೆ ರಸ್ತೆಯಲ್ಲಿ ಪರಿಸ್ಥಿತಿ ಬೇರೆ ಇತ್ತು. ಪಾತ್ರೆ ತೊಳೆಯಲು ಬರುವ ಗಂಗವ್ವ ಬಾಗಲಕೋಟೆ ಕಡೆಯವಳು. ಮೊದಲ ದಿನ ನನ್ನ ಸನ್ನೆಗಳನ್ನು ನೋಡಿ, "ಯಾಕ್ರೀ ಅಕ್ಕಾರ, ಹಲ್ಲು ಬ್ಯಾನಿ ಏನ್ರಿ?" ಅಂದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. "ಹಂಗಾರ ಗಂಟಲಾ?" ಮತ್ತೆ ತಲೆಯಾಡಿಸಿದೆ. ಅವಳು ನನ್ನನ್ನೂ ಒಳಗೆ ಪೇಪರ್ ಓದುತ್ತಿದ್ದ ಯಜಮಾನರನ್ನೂ ನೋಡಿ, ನಿಟ್ಟುಸಿರು ಬಿಟ್ಟು, "ಇರ್ಲಿ ಬಿಡ್ರಿ, ಗಂಡಸರು ಅಂದ್ರ ಹಂಗ" ಅಂದು ಪಾತ್ರೆಗೆ ಕೈ ಹಾಕಿದಳು.

ಅವಳು ಇನ್ನೂ ಐದು ಮನೆಗೆ ಹೋಗುತ್ತಾಳೆ. ಮಂಗಳವಾರದ ಹೊತ್ತಿಗೆ ನಮ್ಮಿಬ್ಬರಿಗೂ ಮಾತು ಬಿಟ್ಟಿದೆ ಎಂದಾಗಿತ್ತು. ಬುಧವಾರದ ಹೊತ್ತಿಗೆ ನನಗೆ ಬಾಯಿ ಬಿದ್ದುಹೋಗಿದೆ ಎಂದಾಯಿತು. ಎದುರುಮನೆ ಸರೋಜಮ್ಮ ಏಳು ಗಂಟೆಗೇ ಲವಂಗದೆಣ್ಣೆ, ಗಂಜಿ ಎರಡನ್ನೂ ತಂದು, ಯಾವ ಸುದ್ದಿ ನಿಜವಾದರೂ ಇರಲಿ ಎಂದು ಎರಡನ್ನೂ ಇಟ್ಟು ಹೋದರು. ಅವರ ಬೆನ್ನಿಗೇ ಗ್ಯಾಸ್ ಸಿಲಿಂಡರ್ ತಂದವನು ನಾಲ್ಕಂಕಿಯ ಓಟಿಪಿ ಕೇಳಿದ. ನಾನು ಬೆರಳಲ್ಲಿ ತೋರಿಸಿದೆ. ಏಳು, ಎರಡು, ಸರಿ. ಸೊನ್ನೆಗೆ ಮುಷ್ಟಿ ತೋರಿಸಿದೆ. ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಕೊನೆಗೆ ಪೆನ್ನು ಕೊಟ್ಟು, "ಬರೀರಿ ಅಕ್ಕ, ಪರ್ವಾಗಿಲ್ಲ" ಅಂದ. ಗೇಟಿನ ಹತ್ತಿರ ಇಳಿಸಿ ಹೋಗುವವನು ಅಂದು ಅಡುಗೆಮನೆಯವರೆಗೆ ಹೊತ್ತು ತಂದು ಜೋಡಿಸಿಯೂ ಕೊಟ್ಟ. ಮರುಕ ಎಂಬುದು ಎಷ್ಟು ಭಾರ ಎತ್ತುತ್ತದೆ ಎಂದು ನಾನು ಕಂಡೆ.

ಒಂದೇ ಡ್ರಾಯರಿನ ನಿಯಮ ಸೋಮವಾರ ಮಧ್ಯಾಹ್ನಕ್ಕೇ ಬಿದ್ದುಹೋಯಿತು. ಮದುವೆಯ ಕುಪ್ಪಸಗಳೇ ಒಂದು ಡ್ರಾಯರಾದವು, ಅದರಲ್ಲಿ ಒಂದೂ ಈಗ ನನ್ನ ತೋಳಿಗೆ ಏರದು. ಊಟದ ಹೊತ್ತಿನ ಓದನ್ನು ಯಜಮಾನರಿಗೆ ಒಪ್ಪಿಸಿದ್ದೆ. ಅವರು ಕೈಗೆ ಸಿಕ್ಕಿದ ಮಿಕ್ಸಿಯ ಗ್ಯಾರಂಟಿ ಪುಸ್ತಕವನ್ನು ಗಂಭೀರವಾಗಿ ಓದಿದರು. ಮೋಟಾರು ಬಿಸಿಯಾದರೆ ಐದು ನಿಮಿಷ ವಿಶ್ರಾಂತಿ ಕೊಡತಕ್ಕದ್ದು. ಈ ಮನೆಯಲ್ಲಿ ಇಷ್ಟು ಕನಿಕರದ ಮಾತು ಕೇಳಿ ಬಹಳ ದಿನವಾಗಿತ್ತು.

ಇಷ್ಟಾದರೂ ನನ್ನ ಸಂಜೆಯ ಮೌನ ದಿನಾ ಒಡೆಯುತ್ತಿತ್ತು. ಕಾರಣ ಫೋನು. ಅದು ಗುರ್ ಎಂದರೆ ಸಾಕು, ನನ್ನ ಕೈ ತಾನಾಗಿ ಹೋಗುತ್ತದೆ, ಬಾಯಿ ತಾನಾಗಿ ಹಲೋ ಎನ್ನುತ್ತದೆ. ಆಶಾ ಇಪ್ಪತ್ತಾರನೆಯ ವಯಸ್ಸಿಗೆ ಒಂದೇ ಸಲ ಫೋನನ್ನು ತೆಗೆದು ಕೊಟ್ಟುಬಿಟ್ಟಳಲ್ಲ, ನಾನು ಒಂದು ಗಂಟೆಯಾದರೂ ಬಿಡಬಾರದೇ? ಗುರುವಾರದಿಂದ ಫೋನಿನ ಸದ್ದು ಅಡಗಿಸಿ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಾಗಿ ಹಿಟ್ಟಿನ ಡಬ್ಬದಲ್ಲಿ ಹೂಳಿದೆ. ಮೇಲಿನ ಶೆಲ್ಫಿನ ಡಬ್ಬ, ಸ್ಟೂಲ್ ಹಾಕದೆ ಕೈಗೆ ಸಿಗದು. ಉಪಾಯ ಫಲಿಸಿತು. ಗುರುವಾರ, ಶುಕ್ರವಾರ, ಶನಿವಾರ, ಮೂರು ಸಂಜೆ ನಾನು ಗೆದ್ದೆ.

ಫಿಲೋಮಿನಾ ಇದನ್ನು ನೋಡಿದರು. "ಭಾನುವಾರ ಮಾತ್ರ ಹುಷಾರು ಮಂಜುಳಮ್ಮ" ಅಂದರು.

"ಅಯ್ಯೋ, ಅವಳ ಫೋನ್ ಬರೋದು ಆರೂವರೆಗೆ. ನನ್ನ ಮೌನ ಐದರಿಂದ ಆರು. ಆರಕ್ಕೆ ತೆಗೆದು ನಿಮ್ಮ ಕೈಲೇ ಇಡ್ತೀನಿ," ಎಂದು ನಾನು ಭರವಸೆ ಕೊಟ್ಟೆ.

ಭಾನುವಾರ, ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಹಬ್ಬ. ಫಿಲೋಮಿನಾ ಚರ್ಚಿನಿಂದ ತೆಂಗಿನ ಗರಿ ತಂದು ಪುಟ್ಟ ಶಿಲುಬೆ ಮಡಿಸಿ ನಮಗೂ ಒಂದು ಕೊಟ್ಟರು. ನಾನು ಅದನ್ನು ದೇವರ ಮನೆಯಲ್ಲಿ ಗಣಪತಿಯ ಪಕ್ಕದಲ್ಲಿ ಇಟ್ಟೆ. ಸಂಜೆ ಐದಕ್ಕೆ ಫೋನನ್ನು ಡಬ್ಬಕ್ಕೆ ಹಾಕಿ, ಅದೇ ಗರಿಯ ಮುಂದೆ ಚಾಪೆ ಹಾಸಿ ಕೂತೆ. ಕೊನೆಯ ಗಂಟೆ. ಇದೊಂದು ಮುಗಿದರೆ ನಾನು ಆಶಾಳ ಎದುರು ತಲೆಯೆತ್ತಿ ಮಾತಾಡಬಹುದು.

ಅರ್ಧ ಗಂಟೆ ಕಳೆದಿರಬೇಕು. ಅಡುಗೆಮನೆಯಿಂದ ಡರ್ರ್… ಡರ್ರ್… ಎಂದು ಕೇಳಿಸಿತು. ಮೊಬೈಲ್ ನಡುಗಿ ತಗಡಿನ ಡಬ್ಬ ಗುನುಗುತ್ತಿತ್ತು. ನನಗೆ ಗೊತ್ತು, ಇದು ವಿಜಯನಗರದ ನಾದಿನಿ. ಭಾನುವಾರ ಸಂಜೆ ಫೋನ್ ಮಾಡುವುದು ಅವಳ ರೂಢಿ. ಡಬರಿಯ ವಿಷಯ ಕೇಳಲು ನನ್ನ ನಾಲಿಗೆ ಐದು ದಿನದಿಂದ ತುರಿಸುತ್ತಿತ್ತು. ಆದರೂ ನಾನು ಏಳಲಿಲ್ಲ. ಚರ್ಚಿನವರು ಶೋಧನೆ ಎನ್ನುವ ಪರೀಕ್ಷೆ ಇದೇ ಎಂದುಕೊಂಡೆ. ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಬಡಕೋ, ಎಷ್ಟು ಬೇಕಾದರೂ ಬಡಕೋ, ನಾನು ಎತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿದೆ. ಆ ಕ್ಷಣದಲ್ಲಿ ನನ್ನ ಬಗ್ಗೆ ನನಗೇ ಎಂಥ ಗೌರವ ಬಂತೆಂದರೆ, ಕಣ್ಣಂಚು ಒದ್ದೆಯಾಯಿತು.

ಯಜಮಾನರು ಬಾಗಿಲಲ್ಲಿ ಬಂದು ನಿಂತರು. ಮುಖದಲ್ಲಿ ಕಾರ್ಖಾನೆಯ ಹಳೆಯ ಕಳೆ.

"ಮಂಜು, ರಾಗಿ ಡಬ್ಬದಲ್ಲಿ ಇಲಿ ಸೇರ್ಕೊಂಡಿದೆ."

ನಾನು ಇಲ್ಲವೆಂದು ಕೈಯಾಡಿಸಿದೆ.

"ಇಲ್ಲ ಅಂದ್ರೆ? ಸದ್ದು ನಾನೇ ಕೇಳ್ದೆ. ಒಂದೇ ಸಮ ಹಲ್ಲು ಕಡೀತಿದೆ. ಹೊರಗಿಡ್ಲಾ?"

ಮಾತಾಡಿದರೆ ಏಳು ದಿನದ ತಪಸ್ಸು ನೀರಾಗುತ್ತದೆ. ಇವರು ಇಲ್ಲಿಂದ ತೊಲಗಿದರೆ ಸಾಕು ಎಂದು, ಹೋಗಿ ಹೋಗಿ ಎಂಬಂತೆ ಕೈ ಬೀಸಿದೆ. ಅವರು ಅದನ್ನು ಆಜ್ಞೆ ಎಂದು ತಿಳಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ನಾನು ಹೇಳದೇ ಇದ್ದದ್ದನ್ನು ತಕ್ಷಣ ಮಾಡಿದರು. ಸ್ವಲ್ಪ ಹೊತ್ತಿಗೆ ಅಂಗಳದ ಕಡೆಯಿಂದ ಮತ್ತೊಮ್ಮೆ ಡರ್ರ್ ಎಂದದ್ದೂ, ಕೋಲಿನಿಂದ ಡಬ್ಬಕ್ಕೆ ಎರಡು ಬಡಿದದ್ದೂ, "ಸುಮ್ನಿರು" ಎಂದು ಗದರಿದ್ದೂ ಕೇಳಿಸಿತು. ಆಮೇಲೆ ಎಲ್ಲ ಶಾಂತ.

ಆರು ದಾಟಿ ಹತ್ತು ನಿಮಿಷಕ್ಕೆ ಚಾಪೆಯಿಂದ ಎದ್ದೆ. ಹತ್ತು ನಿಮಿಷ ಹೆಚ್ಚು ಕೂತಿದ್ದೆ, ಬೇಕೆಂದೇ. ಅಷ್ಟರಲ್ಲಿ ಫಿಲೋಮಿನಾ ಇಳಿದು ಬಂದರು. ತಿಳಿನೀಲಿ ಸೀರೆ. ಕಿವಿಯಲ್ಲಿ ಆಶಾಳ ಓಲೆ ಹಾಕಿಕೊಂಡಿದ್ದರು. ಮಗಳಿಗೆ ಕಾಣಲಿ ಎಂದಿರಬೇಕು. ಚೀಟಿಯ ಎರಡೂ ಬದಿ ಬರೆದಿತ್ತು. ನಾನು ಅವರಿಗೆ ಕುರ್ಚಿ ಹಾಕಿ, ಈ ಸಲ ನಾನು ದೂರ ಕೂರುತ್ತೇನೆ, ಇಪ್ಪತ್ತು ನಿಮಿಷವೂ ನಿಮ್ಮದೇ ಎಂದು ಉದಾರವಾಗಿ ಹೇಳಿ, ಅಡುಗೆಮನೆಗೆ ಹೋಗಿ ಸ್ಟೂಲ್ ಹತ್ತಿದೆ. ಶೆಲ್ಫಿನಲ್ಲಿ ಡಬ್ಬದ ಜಾಗದಲ್ಲಿ ಒಂದು ದುಂಡನೆಯ ಧೂಳಿಲ್ಲದ ಗುರುತು ಮಾತ್ರ ಇತ್ತು.

"ರೀ, ರಾಗಿ ಡಬ್ಬ ಎಲ್ಲಿ?"

"ಸಂಪಿನ ಹತ್ರ. ಮೇಲೆ ಕಲ್ಲು ಹೇರಿದೀನಿ. ಮುಚ್ಚಳ ತೆಗೀಬೇಡ, ಹಾರಿಬಿಡುತ್ತೆ."

"ಅದರೊಳಗೆ ನನ್ನ ಫೋನಿದೆ."

ಯಜಮಾನರು ನನ್ನನ್ನು ನೋಡಿದರು. "ಮತ್ತೆ ಆವಾಗ್ಲೇ ಹೇಳ್ಬಾರ್ದಾಗಿತ್ತಾ?"

ನಾನು ಅಂಗಳಕ್ಕೆ ಓಡಿದೆ. ಕಲ್ಲು ಉರುಳಿಸಿ, ಮೊಣಕೈವರೆಗೆ ಹಿಟ್ಟಿಗೆ ಕೈ ಹಾಕಿ ಫೋನು ತೆಗೆದೆ. ಆರು ಇಪ್ಪತ್ತೈದು. ಸದ್ಯ, ಇನ್ನೂ ಐದು ನಿಮಿಷವಿದೆ ಎಂದು ಉಸಿರು ಬಿಟ್ಟು ಪರದೆ ಒರೆಸಿದೆ. ಎರಡು ತಪ್ಪಿದ ಕರೆಗಳಿದ್ದವು. ನಾದಿನಿಯದಲ್ಲ. ಇಟಲಿಯದು. ಒಂದು ಐದೂವರೆಗೆ, ಇನ್ನೊಂದು ಐದು ಮೂವತ್ತಾರಕ್ಕೆ.

ಫಿಲೋಮಿನಾ ಮೆಟ್ಟಿಲ ಹತ್ತಿರ ಬಂದು ನಿಂತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

ಹಿಟ್ಟು ಮೆತ್ತಿದ ಕೈಯಲ್ಲೇ ತಿರುಗಿ ಕರೆ ಮಾಡಿದೆ. ಬಹಳ ಹೊತ್ತಿನ ಮೇಲೆ ವಯಸ್ಸಾದ ಒಬ್ಬ ಸಿಸ್ಟರ್ ಎತ್ತಿದರು. ಆಶಾಳ ಸರದಿ ಮುಗಿಯಿತು, ಕೊನೆಯ ಹುಡುಗಿಯೂ ಮಾತಾಡಿ ಮೂರು ಗಂಟೆ ಆಗುತ್ತಾ ಬಂತು, ಎಲ್ಲರೂ ಪ್ರಾರ್ಥನೆಗೆ ಹೋಗುತ್ತಿದ್ದಾರೆ, ಇನ್ನು ಈಸ್ಟರ್‌ವರೆಗೆ ಪವಿತ್ರ ವಾರದ ಮೌನ ಎಂದು ಒಡಕು ಇಂಗ್ಲಿಷಿನಲ್ಲಿ, ಬಹಳ ಮೃದುವಾಗಿ ಹೇಳಿದರು. ನಾನು ಎಲ್ಲವನ್ನೂ ವಿವರಿಸತೊಡಗಿದೆ. ವ್ರತ, ಡಬ್ಬ, ಇಲಿ. ರಾಗಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ತಡವರಿಸುವಾಗ ಅವರು "ದೇವರು ನಿಮ್ಮನ್ನು ಆಶೀರ್ವದಿಸಲಿ" ಎಂದು ಇಟ್ಟುಬಿಟ್ಟರು.

ಒಂದು ವರ್ಷ. ಇನ್ನು ಒಂದು ವರ್ಷ ಫಿಲೋಮಿನಾ ಮಗಳ ದನಿ ಕೇಳುವಂತಿಲ್ಲ. ನಾನು ಸಂಪಿನ ಕಟ್ಟೆಯ ಮೇಲೆ ಕೂತೆ. ಕ್ಷಮೆ ಕೇಳಬೇಕು, ಐವತ್ತಾರು ವರ್ಷ ಎಡೆಬಿಡದೆ ನಡೆದ ನಾಲಿಗೆ ಅಂದು ಅಲುಗಲಿಲ್ಲ. ಬೇಕಾದಾಗ ಬಾರದ ಮೌನ, ಬೇಡವಾದಾಗ ಸಂಪೂರ್ಣವಾಗಿ ಸಿದ್ಧಿಸಿತ್ತು.

ಫೋನನ್ನು ಕೈಗೆತ್ತಿಕೊಂಡವರು ಯಜಮಾನರು. "ಇದೇನು ಕೆಳಗಡೆ, ಬಾಣದ ಗುರುತು? ಹದಿಮೂರು ನಿಮಿಷ ಅಂತಿದೆ," ಅಂದರು.

ಅದು ವಾಯ್ಸ್ ಮೆಸೇಜು. ಅವರು ಒತ್ತಿದರು.

"ಅಮ್ಮ," ಎಂದಿತು ಆಶಾಳ ದನಿ. "ನೀನು ಇನ್ನೂ ಸೀರೆ ಇಸ್ತ್ರಿ ಮಾಡ್ತಿರ್ತೀಯ ಅನ್ಸುತ್ತೆ. ಇಲ್ಲಿ ಇವತ್ತು ಬೆಳಿಗ್ಗೆ ಗಡಿಯಾರ ಎಲ್ಲಾ ಒಂದು ಗಂಟೆ ಮುಂದೆ ತಿರುಗಿಸಿದ್ರು. ಬೇಸಿಗೆಗೆ ಹೀಗೆ ಮಾಡ್ತಾರಂತೆ ಇಲ್ಲಿ. ಹೋದ ಸಲಾನೇ ಹೇಳ್ಬೇಕಿತ್ತು, ನಾನು ಸರಿಯಾಗಿ ಹೇಳ್ಲಿಲ್ಲ. ನಂದೇ ತಪ್ಪು. ಆಂಟಿ ಈಗ ಮೌನದಲ್ಲಿರ್ತಾರೆ. ವಾರ ಪೂರ್ತಿ ಇದ್ದು ಕೊನೇಲಿ ಅವರ ವ್ರತ ಕೆಡಿಸೋದು ಬೇಡ ಅಂತ ಮೂರನೇ ಸಲ ಮಾಡ್ಲಿಲ್ಲ. ಆಂಟಿ ಗೆದ್ರು ಅನ್ಸುತ್ತೆ. ಅವರಿಗೆ ಹೇಳು, ನನಗೆ ತುಂಬಾ ಖುಷಿಯಾಯ್ತು."

ಅವಳು ಹೇಳಲು ಬಂದಿದ್ದಳು. ಫೆಬ್ರವರಿಯಲ್ಲಿ, "ಮುಂದಿನ ಸಲ ಟೈಮು" ಎಂದು. ನಾನು ಬೆಂಚಿನ ಕಥೆ ಹೇಳುತ್ತಿದ್ದೆ. ಸುಮ್ಮನಿರಬೇಕಾದಾಗ ಮಾತಾಡಿ ಸಮಯ ಕೆಡಿಸಿದೆ, ಮಾತಾಡಬೇಕಾದಾಗ ಸುಮ್ಮನಿದ್ದು ಕರೆ ಕೆಡಿಸಿದೆ. ಇದನ್ನೆಲ್ಲ ಆ ಹುಡುಗಿ ತನ್ನ ತಲೆಯ ಮೇಲೆ ಹಾಕಿಕೊಂಡು, ನನ್ನನ್ನು ಹೊಗಳಿ, ಮುಂದಿನ ವಿಷಯಕ್ಕೆ ಹೋಗಿದ್ದಳು.

ನಾವು ಮೂವರೂ ಸಂಪಿನ ಕಟ್ಟೆಯ ಮೇಲೆ ಕೂತು ಕೇಳಿದೆವು. ಅಲ್ಲಿ ಗರಿಗೆ ಬದಲು ಆಲಿವ್ ಕೊಂಬೆ ಹಿಡಿದು ಮೆರವಣಿಗೆ ಹೋದರಂತೆ. ಇನ್ನೂ ಚಳಿ, ನೀರು ಮುಟ್ಟಿದರೆ ಬೆರಳು ಕಾಣೆಯಾದ ಹಾಗಾಗುತ್ತದಂತೆ. ಪಕ್ಕದ ಹಾಸಿಗೆಯ ಕಾಂಗೋ ದೇಶದ ಹುಡುಗಿಗೆ ಕೆಮ್ಮು, ಅದಕ್ಕೇ ಉಣ್ಣೆಯ ಶಾಲು ಅವಳಿಗೆ ಕೊಟ್ಟುಬಿಟ್ಟಳಂತೆ. "ಬೈಬೇಡಮ್ಮ," ಅಂದಳು.

ಫಿಲೋಮಿನಾ ಮೊದಲ ಸಲ ನಕ್ಕರು. "ಅದಕ್ಕೂ ಹದಿನಾಲ್ಕು ಅಂತ ಹೊಲಿದಿದ್ದೆ. ಈಗ ಇಬ್ರೂ ಹದಿನಾಲ್ಕು."

ಕೊನೆಗೆ ಆಶಾ, "ಇನ್ನೂ ಒಂದು ನಿಮಿಷ ಇದೆ ಅಮ್ಮ. ಏನು ಹೇಳ್ಲಿ? ಸುಮ್ನೆ ಇರ್ತೀನಿ. ನೀನೂ ಇರು," ಅಂದಳು. ಆಮೇಲೆ ಮಾತಿಲ್ಲ. ದೂರದಲ್ಲಿ ಕೋಳಿಗಳ ಸದ್ದು, ಗಾಳಿ, ಅವಳ ಉಸಿರು. ಮಠದ ಗಂಟೆ ಬಾರಿಸಿತು, ಮುಗಿಯಿತು.

ನಾನು ಫಿಲೋಮಿನಾ ಕೈ ಹಿಡಿದುಕೊಂಡೆ. ನನ್ನ ಕೈಯ ರಾಗಿ ಹಿಟ್ಟು ಅವರ ಸೀರೆಗೆಲ್ಲ ಅಂಟಿತು.

"ಅಳ್ಬೇಡಿ ಮಂಜುಳಮ್ಮ. ಮಾತಾಡಿದ್ರೆ ಅಲ್ಲಿಗೇ ಮುಗಿದುಹೋಗೋದು. ಇದಾದ್ರೆ ಇರುತ್ತೆ, ಬೇಕಾದಾಗ ಕೇಳ್ಬೋದು," ಅಂದರು. ಚೀಟಿಯನ್ನು ನಾಲ್ಕಾಗಿ ಮಡಿಸುತ್ತಾ, "ಅವಳು ಹೇಳಿದ್ದು ನನಗೆ ಬಂತು. ನಾನು ಹೇಳ್ಬೇಕಾಗಿದ್ದು ಇಲ್ಲೇ ಉಳೀತು," ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿ ಮೆಟ್ಟಿಲು ಹತ್ತಿದರು. ಬೈದಿದ್ದರೆ ನಾನು ಅಂದು ಊಟ ಮಾಡುತ್ತಿದ್ದೆನೇನೋ.

ತ್ಯಾಗ ಎಂಬುದು ಇಟಲಿಯ ಬೆಟ್ಟದ ಮೇಲೆ ನಡೆಯುತ್ತದೆ ಎಂದು ನಂಬಿ ನಾನು ಫ್ರಿಜ್ಜಿನ ಮೇಲೆ ಪಟ್ಟಿ ಅಂಟಿಸಿಕೊಂಡಿದ್ದೆ. ಅದು ನನ್ನ ತಲೆಯ ಮೇಲಿನ ಪೋರ್ಷನ್ನಿನಲ್ಲಿ, ಹೊಲಿಗೆ ಮೆಷಿನ್ನಿನ ಸದ್ದಿನ ಕೆಳಗೆ, ವರ್ಷಗಟ್ಟಲೆ ಸದ್ದಿಲ್ಲದೆ ನಡೆದಿತ್ತು.

ಚೀಟಿಯ ವಿಷಯಗಳೆಲ್ಲ ಮರುದಿನ ಕಾಗದವಾದವು. ಕೊನೆಯಲ್ಲಿ ನನಗೆಂದು ಫಿಲೋಮಿನಾ ಎರಡು ಸಾಲು ಜಾಗ ಬಿಟ್ಟಿದ್ದರು. ನಾನು ತಪ್ಪೊಪ್ಪಿಗೆ ಬರೆದೆ. ಎರಡು ಸಾಲು ಸಾಲದೆ ಅಂಚಿನ ಸುತ್ತ ಬರೆದೆ, ಅದೂ ಸಾಲದೆ ಇನ್ನೂ ಎರಡು ಹಾಳೆ ಸೇರಿಸಿದೆ. ಅಂಚೆಯ ಮನುಷ್ಯ ತೂಕ ಹಾಕಿ, "ಏನಮ್ಮಾ, ಪುಸ್ತಕ ಕಳಿಸ್ತಿದೀರಾ?" ಅಂದ.

ಈಗ ತಿಂಗಳ ಕೊನೆಯ ಭಾನುವಾರ ಆರೂಕಾಲಕ್ಕೆ ಫಿಲೋಮಿನಾ ಇಸ್ತ್ರಿ ಮಾಡಿದ ಸೀರೆ ಉಟ್ಟು ಇಳಿದು ಬರುತ್ತಾರೆ. ಆರೂವರೆಗೆ ಆ ಹದಿಮೂರು ನಿಮಿಷ ಹಾಕುತ್ತೇವೆ. ಯಜಮಾನರು ಪೇಪರ್ ಮಡಿಸಿಟ್ಟು ಕೇಳುತ್ತಾರೆ. ನಾನು ಕೈ ಕಟ್ಟಿ ಕೂರುತ್ತೇನೆ. ಗಡಿಯಾರದ ವಿಷಯಕ್ಕೆ ಸುಮ್ಮನಿರುತ್ತೇನೆ, ಆಲಿವ್ ಕೊಂಬೆಗೆ ಸುಮ್ಮನಿರುತ್ತೇನೆ, ಶಾಲಿಗೂ ಸುಮ್ಮನಿರುತ್ತೇನೆ. ಹನ್ನೆರಡು ನಿಮಿಷ ನಾನು ಯಾವ ಮಠಕ್ಕೂ ಕಡಿಮೆಯಿಲ್ಲ. ಆಮೇಲೆ ಆಶಾ ಸುಮ್ಮನಾಗುತ್ತಾಳೆ. ಗಾಳಿ ಬೀಸುತ್ತದೆ. ಅವಳ ಉಸಿರು ಕೇಳುತ್ತದೆ.

"ಕೋಳಿಗಳ ಸದ್ದು ಎಷ್ಟು ಚೆನ್ನಾಗಿ ಕೇಳಿಸ್ತಿದೆ ನೋಡಿ," ಎನ್ನುತ್ತೇನೆ ನಾನು.

ಫಿಲೋಮಿನಾ ನನ್ನ ಕಡೆ ತಿರುಗಿ, ತುಟಿಯ ಮೇಲೆ ತೋರುಬೆರಳು ಇಡುತ್ತಾರೆ. ನಾನೂ ಇಡುತ್ತೇನೆ.